ಮೂರನೇ ಮುದ್ದೆ

ಮುರುಗಪ್ಪ ಹೊಟ್ಟೆ ಕುಯ್ಸಿಕೊಂಡಿದ್ದು ಯಾಕೆ ಅಂತ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಾಗೆ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಚೆಂದ ಕಾಣಾಕೆ ಅಂತಾನೆ ಬೀಡಾ ಅಂಗಡಿಯೋನು. ಬೆಂಗಳೂರು ಡಾಕ್ಟ್ರು ಪುಸಲಾಯಿಸಿದ್ರು ಅಂತಾನೆ ಇನ್ನೊಬ್ಬ. ಒಬ್ಬಂಗೂ ಏನೂ ಗೊತ್ತಿಲ್ಲ, ಬಾಯಿ ಮಾತ್ರ ಐತೆ. ಹನ್ನೊಂದು ವರ್ಷ ಆ ಮನುಷ್ಯನ ಜೊತೆ ಒಂದೇ ಬಸ್ಸಿನಾಗೆ ದುಡಿದೋನು ನಾನು. ಅವನು ಕಂಡಕ್ಟ್ರು, ನಾನು ಡ್ರೈವರ್ ಚಿಕ್ಕತಿಮ್ಮಪ್ಪ. ಎಲ್ಲಾ ಕಣ್ಣಾರೆ ಕಂಡೋನು. ಅದಕ್ಕೆ ಹೇಳ್ತೀನಿ, ಮಧ್ಯೆ ಬಾಯಿ ಹಾಕಬ್ಯಾಡ್ರಿ.

ನಮ್ಮದು ಪ್ರೈವೇಟ್ ಬಸ್ಸು. ಬೆಳಿಗ್ಗೆ ಆರಕ್ಕೆ ಹೊಸದುರ್ಗ ಬಿಟ್ರೆ ಹೊಳಲ್ಕೆರೆ, ಆಮೇಲೆ ದುರ್ಗ, ಆಮೇಲೆ ಹಿರಿಯೂರು. ಹಿರಿಯೂರಿನಾಗೆ ಒಂದು ಟೀ ಕುಡಿದು ಬಂದ ದಾರಿಯಾಗೇ ವಾಪಸ್ಸು. ತಿರುಗಿ ಹೊಳಲ್ಕೆರೆ ಮುಟ್ಟೋ ಹೊತ್ತಿಗೆ ಮಧ್ಯಾಹ್ನ ಎರಡು, ಎರಡೂಕಾಲು. ನಮ್ಮಿಬ್ರ ಊಟ ಅಲ್ಲೇ. ಅರ್ಧ ಗಂಟೆ ಬಿಡುವು. ಆ ಅರ್ಧ ಗಂಟೆಯಾಗೇ ಈ ಕತೆ ಎಲ್ಲಾ ನಡೆದಿದ್ದು ಅಂದ್ರೂ ತಪ್ಪಿಲ್ಲ.

ಮುರುಗಪ್ಪ ಕೆಲ್ಸಕ್ಕೆ ಸೇರಿದಾಗ್ಲೇ ದಪ್ಪ. ಆಮೇಲೆ ವರ್ಷ ವರ್ಷಕ್ಕೂ ಊದ್ತಾ ಹೋದ. ಎರಡು ಸಾಲು ಸೀಟಿನ ನಡುವೆ ಅವನ ಮೈ ತೂರ್ತಿರಲಿಲ್ಲ. ಬೇರೆ ಯಾವನಾದ್ರೂ ಆಗಿದ್ರೆ ಕೆಲ್ಸ ಬಿಟ್ಟು ಮನೆಗೆ ಹೋಗ್ತಿದ್ದ. ಇವನು ಬಾಗಿಲ ಹತ್ರ ನಿಂತೇ ಇಡೀ ಬಸ್ಸು ನಿಭಾಯಿಸ್ತಿದ್ದ. ಹಿಂದಿನ ಸೀಟಿನೋರ ಕಾಸು ಕೈಯಿಂದ ಕೈಗೆ ದಾಟಿ ಬರೋದು, ಟಿಕೆಟ್ಟು ಅಂಗೇ ಕೈಯಿಂದ ಕೈಗೆ ದಾಟಿ ಹೋಗೋದು. ಯಾರು ಎಲ್ಲಿ ಹತ್ತಿದ್ರು, ಯಾರ ಮಗಳ ಬಾಣಂತನ ಎಲ್ಲಿಗೆ ಬಂತು, ಯಾವ ಅಜ್ಜಿ ಕಣ್ಣಾಸ್ಪತ್ರೆಗೆ ಹೊಂಟೈತೆ, ಎಲ್ಲಾ ಅವನಿಗೆ ನೆಪ್ಪು. ಜನ ಅವನ ಹೊಟ್ಟೆ ನೋಡಿ ನಗ್ತಿದ್ರು, ಅವನೂ ಜೊತೆಗೆ ನಗ್ತಿದ್ದ. ಮೋಸ ಮಾತ್ರ ಯಾರೂ ಮಾಡ್ತಿರಲಿಲ್ಲ. ಅವನು ಹತ್ತಿದ ಅಂದ್ರೆ ಬಸ್ಸು ಎಡಕ್ಕೆ ಒಂದ್ಸಲ ಬಗ್ತಿತ್ತು. ನನಗೆ ಸೀಟಿ ಊದೋದೂ ಬೇಕಿರಲಿಲ್ಲ, ಬಗ್ಗಿದ್ರೆ ರೈಟು ಅಂತ ಲೆಕ್ಕ.

ಮದುವೆ ಆಗಿರಲಿಲ್ಲ. ಅಪ್ಪ ಅವ್ವ ಇಬ್ರೂ ಹೋಗಿಬಿಟ್ಟಿದ್ರು. ಹೊರಕೆರೆದೇವಪುರದಾಗೆ ಅಕ್ಕ ವೀರಮ್ಮ ಇದ್ಲು, ಅವಳೇ ನಾಕು ಕಡೆ ಹೆಣ್ಣು ತೋರಿಸಿದ್ಲು. ನಾಕನೇ ಮನೆಯಾಗೆ ಹುಡುಗಿ ಒಳಗೆ ಹೋಗಿ, ಇಷ್ಟು ದೊಡ್ಡ ಗಂಡಿಗೆ ಎರಡು ಚಾಪೆ ಹಾಸಬೇಕಾಗ್ತೈತೆ ಅಂತ ನಕ್ಕಿದ್ದು ಇವನ ಕಿವಿಗೆ ಬಿತ್ತು. ಎದ್ದು ಬಂದು ಅಕ್ಕನಿಗೆ ಇನ್ನು ಸಾಕು ಅಂದ. ಅವನ ಬಾಯಿಂದ ಸಾಕು ಅನ್ನೋ ಮಾತು ಬಂದಿದ್ದು ನನಗೆ ಗೊತ್ತಿರೋ ಹಂಗೆ ಆ ಒಂದು ವಿಷ್ಯಕ್ಕೇ.

ಇನ್ನು ಕೊಟ್ರಮ್ಮ. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಆಯಮ್ಮಂದು ಒಂದು ಖಾನಾವಳಿ. ನಾಕು ಬೆಂಚು, ಒಂದು ಒಲೆ. ಗಂಡ ಗಿರಣಿ ಕೆಲ್ಸದೋನು, ಕಾಮಾಲೆ ಆಗಿ ಹೋದಾಗ ಆಯಮ್ಮಂಗೆ ಇಪ್ಪತ್ತಾರು. ಮಕ್ಕಳಿಲ್ಲ. ಅತ್ತೆ ಮನೆಯಾಗೆ ಮೂಲೆ ಹಿಡಿದು ಕೂರೋ ಬದಲು ಒಲೆ ಹಚ್ಚಿದ್ಲು. ಮುದ್ದೆ, ಹುಳ್ಳಿಕಾಳು ಸಾರು, ಒಂದೊಂದು ದಿನ ಸೊಪ್ಪಿನ ಸಾರು, ಮಜ್ಜಿಗೆ. ಕೈಯಾಗೆ ಸೌಟು ಹಿಡ್ಕೊಂಡು ಬೆಂಚಿಂದ ಬೆಂಚಿಗೆ ಓಡಾಡ್ತಾ ಇರ್ತಿದ್ಲೇ ಹೊರತು ಒಂದು ಗಳಿಗೆ ಕುಂತಿದ್ದು ನಾನು ನೋಡಿದ್ದಿಲ್ಲ.

ಎಲ್ರಿಗೂ ಕೇಳಿ ಬಡಿಸ್ತಿದ್ಲು. ಇನ್ನೊಂದು ಮುದ್ದೆ ಹಾಕ್ಲಾ ಅನ್ನೋಳು, ಸಾಕು ಅಂದ್ರೆ ಮುಂದಿನ ತಟ್ಟೆಗೆ ಹೋಗೋಳು. ನನಗೂ ಅಂಗೇ. ಮುರುಗಪ್ಪಂಗೆ ಮಾತ್ರ ಕೇಳ್ತಿರಲಿಲ್ಲ. ಒಂದು ಹಾಕೋಳು, ಅದು ಮುಗಿಯೋದ್ರಾಗೆ ಎರಡನೇದು, ಆಮೇಲೆ ಮೂರನೇದು. ಮೂರನೇದಕ್ಕೆ ಬೆರಳಿನಾಗೆ ಗುಳಿ ಮಾಡಿ ತುಪ್ಪ ಬಿಟ್ಟು, ಅಲ್ಲೇ ನಿಂತು ಎರಡು ಮಾತಾಡೋಳು. ಹಿರಿಯೂರು ಕಡೆ ಮಳೆ ಬಂತಾ ಕಂಡಕ್ಟ್ರೇ, ಅಕ್ಕಾರು ಚೆಂದಾಗವ್ರಾ, ಇಷ್ಟೇ. ಇವನು ಬಂತು, ಅವ್ರೆ, ಅನ್ನೋನು. ಅದಕ್ಕಿಂತ ಹೆಚ್ಚು ಮಾತು ಅವರಿಬ್ರ ನಡುವೆ ನಾನು ಕೇಳಿದ್ದಿಲ್ಲ. ಆದ್ರೆ ಹಿರಿಯೂರು ಬಿಟ್ಟಾಗಿಂದ ಇವನು ಗಂಟೆ ನೋಡ್ತಾ ಬರೋದು, ಹೊಳಲ್ಕೆರೆ ಗೇಟು ದಾಟ್ತಿದ್ದಂಗೆ ತಲೆ ಬಾಚಿಕೊಳ್ಳೋದು, ಇದೆಲ್ಲಾ ನನ್ನ ಕಣ್ಣಿಗೆ ಬೀಳಲ್ವಾ? ಲೇ ಮುರುಗ, ಮುದ್ದೆಗೆ ಯಾಕಪ್ಪ ಇಷ್ಟು ಸಿಂಗಾರ ಅಂತ ಕಾಲೆಳೀತಿದ್ದೆ. ರಸ್ತೆ ನೋಡಿ ಓಡಿಸು ಅನ್ನೋನು.

ಎಪ್ಪತ್ತೈದರ ದೀಪಾವಳಿ ಮುಗಿದ ವಾರ ದುರ್ಗದಾಗೆ ಬಸ್ಸಿಳಿದೋನು ಹತ್ತು ಹೆಜ್ಜೆ ಇಡೋದ್ರಾಗೆ ಉಸಿರು ಸಿಗದೆ ಕುಸಿದ. ನಾನೇ ಬಸ್ಸು ಆಸ್ಪತ್ರೆಗೆ ಹೊಡ್ಕೊಂಡು ಹೋದೆ. ಅಲ್ಲಿನ ತೂಕದ ಮೆಷಿನ್ನಿನ ಮುಳ್ಳು ನೂರಿಪ್ಪತ್ತಕ್ಕೆ ಹೋಗಿ ನಿಂತುಬಿಡ್ತು, ಅದರ ಮ್ಯಾಲೆ ಅಂಕಿನೇ ಇರಲಿಲ್ಲ. ಕೊನೆಗೆ ಕಡ್ಲೆಕಾಯಿ ಮಂಡಿಗೆ ಕರ್ಕೊಂಡು ಹೋಗಿ ಮೂಟೆ ತೂಗೋ ತಕ್ಕಡಿ ಮ್ಯಾಲೆ ನಿಲ್ಸಿದ್ವಿ. ನೂರಾ ನಲವತ್ತಾರು ಕೇಜಿ. ಹಮಾಲರು ನಕ್ಕರು, ಈ ಸಲ ಮುರುಗಪ್ಪ ನಗಲಿಲ್ಲ. ಸಕ್ಕರೆ ಕಾಯ್ಲೆ ಐತೆ, ಎದೆ ಮ್ಯಾಲೆ ಭಾರ ಬಿದ್ದೈತೆ, ಇಂಗೇ ಇದ್ರೆ ನಾಕು ವರ್ಷ ಹೆಚ್ಚು ಅಂದ್ರು ಡಾಕ್ಟ್ರು. ಆಮೇಲೆ ಒಂದು ಮಾತು ಹೇಳಿದ್ರು. ತಮಗೆ ಪಾಠ ಹೇಳಿದ ಡಾಕ್ಟ್ರೊಬ್ರು ಅಮೆರಿಕದಿಂದ ಬಂದು ಬೆಂಗಳೂರಿನಾಗೆ ಅವ್ರೆ, ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಮಾಡ್ತಾರೆ, ಹೊಸದು, ಒಪ್ಪಿಕೊಂಡು ಬರೋ ರೋಗಿಗಳೇ ಇಲ್ಲ ಅಂತ.

ಹುಚ್ಚು ಹಿಡಿದೈತಾ, ಊಟ ಕಮ್ಮಿ ಮಾಡೋ ಅಂತ ನಾನು ಬೈದೆ. ಮೂರನೇ ದಿನ ಹೊಳಲ್ಕೆರೆ ದಾಟಿ ರಾಮಗಿರಿ ಗುಡ್ಡ ಕಾಣೋ ಕಡೆ ರೇಡಿಯೇಟರ್ ಕುದ್ದು ಗಾಡಿ ನಿಂತಿತು. ಜನ ಎಲ್ಲಾ ಇಳಿದು ಬೇವಿನ ಮರದ ನೆಳ್ಳಿಗೆ ಹೋದ್ರು. ನಾನು ನೀರು ಹುಯ್ತಿದ್ದೆ, ಇವನು ಪಕ್ಕ ಬಂದು ನಿಂತ.

"ತಿಮ್ಮಣ್ಣ, ಆಯಮ್ಮಂಗೆ ಉಡಿಕೆ ಸೀರೆ ಕೊಡ್ಬೇಕು ಅಂತ ಆರು ವರ್ಷದಿಂದ ಆಸೆ. ನಾಕು ವರ್ಷಕ್ಕೆ ಸಾಯೋನು ಹೆಂಗೆ ಕೇಳ್ಲಿ? ಒಂದ್ಸಲ ಬಳೆ ಒಡೆಸಿಕೊಂಡೋಳಿಗೆ ಇನ್ನೊಂದ್ಸಲ ಒಡೆಸ್ಲಾ?"

ಗಂಡ ಸತ್ತ ಹೆಣ್ಣುಮಗಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳೋ ಉಡಿಕೆ ಅವರ ಪೈಕಿಯಾಗೆ ನಡೀತಿತ್ತು, ಅದಕ್ಕೇನು ಅಡ್ಡಿ ಇರಲಿಲ್ಲ. ಅಡ್ಡಿ ಇದ್ದಿದ್ದು ಇವನ ಮೈ ಒಂದೇ. ಕೈಯಾಗಿದ್ದ ನೀರು ಚೆಲ್ಲಿಕೊಂಡೆ. ಆಯಮ್ಮಂಗೆ ಆಪರೇಷನ್ ವಿಷ್ಯ ಒಂದು ಮಾತೂ ಹೇಳಬಾರದು ಅಂತ ನನ್ನ ಕೈಲಿ ಭಾಷೆ ತಗೊಂಡ. ಬದುಕಿ ಬಂದ್ರೆ ತಾನೇ ಹೇಳ್ತಾನಂತೆ, ಬರದಿದ್ರೆ ಆಯಮ್ಮಂಗೆ ಗೊತ್ತಾಗೋದೇ ಬ್ಯಾಡವಂತೆ. ದಡ್ಡ. ನಾನು ಅವನಿಗಿಂತ ದಡ್ಡ, ಭಾಷೆ ಕೊಟ್ಟೆ.

ಎಪ್ಪತ್ತಾರರ ಜನವರಿ ತಿಂಗಳಾಗೆ ಬೆಂಗಳೂರಿಗೆ ಹೋದ್ವಿ. ಆ ಡಾಕ್ಟ್ರು ಒಳ್ಳೇ ಮನುಷ್ಯ, ಅದನ್ನ ಮೊದ್ಲೇ ಹೇಳ್ತೀನಿ. ಕರಾವಳಿ ಕಡೆಯೋರು, ಪುಸ್ತಕದಂಗೆ ಕನ್ನಡ ಮಾತಾಡೋರು. ಹಾಳೆ ಮ್ಯಾಲೆ ಹೊಟ್ಟೆ ಬರೆದು ತೋರಿಸಿದ್ರು. ಇಷ್ಟು ದೊಡ್ಡ ಚೀಲ ಐತೆ, ಮೇಲ್ಗಡೆ ಕೋಳಿಮೊಟ್ಟೆ ಗಾತ್ರದಷ್ಟು ಬಿಟ್ಟು ಮಿಕ್ಕಿದ್ದನ್ನ ಬೇರೆ ಮಾಡಿ, ಕರುಳು ತಂದು ಅದಕ್ಕೇ ಸೇರಿಸ್ತೀವಿ ಅಂದ್ರು. ಅಲ್ಲಿಂದ ಕೆಳಗೆ ಇಳಿಯೋ ದಾರಿ ಕಿರುಬೆರಳು ಹೋಗೋವಷ್ಟು. ಎರಡು ತುತ್ತಿಗೆ ಹೊಟ್ಟೆ ತುಂಬ್ತೈತೆ, ಮೈ ತಾನಾಗೇ ಇಳೀತೈತೆ. ಹೊಲಿಗೆ ಬಿಟ್ಟುಕೊಂಡ್ರೆ ಜೀವಕ್ಕೆ ಅಪಾಯ, ರಕ್ತ ಹೆಪ್ಪುಗಟ್ಟಿ ಎದೆಗೆ ಏರಿದ್ರೂ ಅಪಾಯ, ಒಂದನ್ನೂ ಮುಚ್ಚಿಡಲಿಲ್ಲ. ಮನೆಗೆ ಹೋಗಿ ಯೋಚ್ನೆ ಮಾಡ್ಕೊಂಡು ಬರ್ರಿ ಅಂದ್ರು. ಯೋಚ್ನೆ ಮಾಡೇ ಬಂದೀನಿ ಅಂದ ಮುರುಗಪ್ಪ.

ಸುಮ್ನೆ ಮಲಗಿಸಿ ಕುಯ್ಯಲಿಲ್ಲ. ಮೂರು ವಾರ ಮುಂಚೆನೇ ಸೇರಿಸ್ಕೊಂಡ್ರು. ಬೀಡಿ ಬಿಡಿಸಿದ್ರು. ಮಜ್ಜಿಗೆ, ಗಂಜಿ, ಬೇಳೆಕಟ್ಟು, ಇಷ್ಟೇ ಊಟ. ದಿನಾ ಮೆಟ್ಲು ಹತ್ತಿಸಿ ಇಳಿಸೋರು. ಎರಡು ಬಾಟ್ಲಿಗೆ ನಳಿಕೆ ಹಾಕಿ, ಒಂದರಾಗಿರೋ ನೀರು ಇನ್ನೊಂದಕ್ಕೆ ಹೋಗೋ ಹಂಗೆ ಊದು ಅನ್ನೋರು. ಶ್ವಾಸ ಗಟ್ಟಿ ಆದ್ರೆ ಆಪರೇಷನ್ ಆದ ಮ್ಯಾಲೆ ಕಫ ಕಟ್ಟಲ್ವಂತೆ. ಹನ್ನೊಂದು ವರ್ಷ ಸೀಟಿ ಊದಿದ ಬಾಯಿ, ಮೊದಲ ದಿನವೇ ಪೂರಾ ನೀರು ಆ ಕಡೆಗೆ ದಾಟಿಸಿದ್ದಕ್ಕೆ ನರ್ಸಮ್ಮ ಬೆರಗಾದ್ಲು.

ಕುಯ್ದ ದಿನ ಐದು ಗಂಟೆ ಹೊರಗೆ ಕುಂತಿದ್ದೆ. ವೀರಕ್ಕ ಪಕ್ಕದಾಗೆ ವಿಭೂತಿ ಗಟ್ಟಿ ಹಿಡ್ಕೊಂಡು ಕುಂತಿದ್ಲು. ಈಚೆಗೆ ತಂದಾಗ ಮೂಗಿನಾಗೆ ನಳಿಕೆ, ಕೈಯಾಗೆ ಸೂಜಿ, ಮುಖ ಬಿಳಿಚಿಕೊಂಡಿತ್ತು. ಮಾರನೇ ದಿನ ಬೆಳಿಗ್ಗೆನೇ ಎಬ್ಬಿಸಿ ನಡೆಸಿದ್ರು. ಅವನು ನೋವಿಗೆ ಹಲ್ಲು ಕಚ್ಚಿಕೊಂಡಿದ್ದು ನೋಡಿ, ಇವರೇನು ಮನುಷ್ಯರಾ ಅಂತ ನನಗೆ ಸಿಟ್ಟು ನೆತ್ತಿಗೇರ್ತು. ನಡೆದ್ರೇನೇ ಬದುಕೋದು ಅಂತ ಆಮೇಲೆ ಗೊತ್ತಾಯ್ತು. ಒಂದು ವಾರ ಚಮಚದ ಲೆಕ್ಕದಾಗೆ ನೀರು. ಆಮೇಲೆ ತಿಳಿ ಗಂಜಿ, ಆಮೇಲೆ ಹಿಚುಕಿದ ಇಡ್ಲಿ.

ಬಿಟ್ಟು ಕಳಿಸೋವಾಗ ಡಾಕ್ಟ್ರು ಟೈಪ್ ಹೊಡೆಸಿದ ಹಾಳೆ ಕೊಟ್ರು. ಉಣ್ಣೋವಾಗ ನೀರು ಕುಡಿಯಬಾರದು, ಸಿಹಿ ಮುಟ್ಟಬಾರದು, ತಿಂಗಳಿಗೊಂದು ಸೂಜಿ ಹಾಕಿಸ್ಕೊಬೇಕು, ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಬೇಕು. ಕೆಳಗೆ ಅನ್ನ, ಇಡ್ಲಿ, ಬ್ರೆಡ್ಡು, ಚಪಾತಿ, ಮೊಟ್ಟೆ, ಯಾವುದು ಎಷ್ಟು ದಿನ ಆದ ಮ್ಯಾಲೆ ಅಂತ ಪಟ್ಟಿ. ಆ ಹಾಳೆನ ಮುರುಗಪ್ಪ ಟಿಕೆಟ್ ಪುಸ್ತಕದ ಹಂಗೆ ಜೋಬಿನಾಗೆ ಇಟ್ಕೊಂಡಿರ್ತಿದ್ದ. ನಾನೂ ಓದಿದ್ದೆ. ಅದರಾಗೆ ಮುದ್ದೆ ಅನ್ನೋ ಪದವೇ ಇರಲಿಲ್ಲ. ತಿನ್ನು ಅಂತಲೂ ಇಲ್ಲ, ಬ್ಯಾಡ ಅಂತಲೂ ಇಲ್ಲ. ನಮ್ಮಿಬ್ರಿಗೂ ಅದು ತಲೆಗೆ ಹೋಗಲಿಲ್ಲ.

ಐದು ತಿಂಗಳು ಅಕ್ಕನ ಮನೆಯಾಗೆ ಇದ್ದ. ವಾರದ ರಜಾ ಸಿಕ್ಕಾಗ ಹೋಗಿ ನೋಡ್ಕೊಂಡು ಬರ್ತಿದ್ದೆ. ಹೋದಾಗೆಲ್ಲಾ ಒಬ್ಬ ಬೇರೆ ಮನುಷ್ಯ. ಅಣ್ಣನ ಅಂಗಿ ತಮ್ಮ ಹಾಕ್ಕೊಂಡಂಗೆ ಚರ್ಮ ಜೋತುಬಿದ್ದಿತ್ತು. ತಲೆಗೂದ್ಲು ಹಿಡಿಹಿಡಿ ಉದುರ್ತಿತ್ತು. ಚಳಿ ಅಂದ್ರೆ ಏನು ಅಂತ ಗೊತ್ತಿಲ್ಲದೋನು ಬೇಸಿಗೆಯಾಗೆ ಕಂಬ್ಳಿ ಹೊದ್ದಿರ್ತಿದ್ದ. ಯುಗಾದಿ ದಿನ ಆಸೆ ತಡೀದೆ ಅಂಗೈಯಗಲ ಹೋಳಿಗೆ ತಿಂದು ಎದೆ ಹೊಡ್ಕೊಂಡು, ಮೈಯೆಲ್ಲಾ ಬೆವರಿ, ಮಧ್ಯಾಹ್ನ ಪೂರಾ ಜಗಲಿ ಮ್ಯಾಲೆ ಬಿದ್ದುಕೊಂಡಿದ್ನಂತೆ. ಸಕ್ಕರೆ ಕಾಯ್ಲೆ ಇಳೀತು, ಉಸಿರು ಸರಾಗ ಆಯ್ತು, ಅದೂ ನಿಜ. ಬಾವಿ ತಂಕ ಹೋಗಿ ಎರಡು ಕೊಡ ನೀರು ತಂದ ಅಂತ ವೀರಕ್ಕ ಕಣ್ಣಾಗೆ ನೀರು ಹಾಕ್ಕೊಂಡು ಹೇಳಿದ್ಲು. ಅದರ ಜೊತೆಗೇ ಇನ್ನೊಂದು ಹೇಳಿದ್ಲು. ಒಲೆ ಮ್ಯಾಲೆ ಮುದ್ದೆ ತೊಳಸಾಕೆ ಶುರು ಮಾಡಿದ್ರೆ ಆ ವಾಸನೆಗೆ ಎದ್ದು ಹಿತ್ತಲಿಗೆ ಹೋಗಿಬಿಡ್ತಾನಂತೆ.

ಯಾಕೋ ಅಂತ ಕೇಳ್ದೆ.

"ಹಸಿವಾಗಲ್ಲ ತಿಮ್ಮಣ್ಣ. ಹಸಿವು ಅನ್ನೋದೇ ಹೋಗಿಬಿಟ್ಟೈತೆ. ಆಸೆ ಮಾತ್ರ ಅಂಗೇ ಐತೆ. ಎರಡೂ ಬೇರೆ ಅಂತ ನಂಗೆ ಗೊತ್ತೇ ಇರಲಿಲ್ಲ."

ಈ ಕಡೆ ಹೊಳಲ್ಕೆರೆಯಾಗೆ ನನ್ನ ಪಾಡು ಹೇಳ್ತೀನಿ ಕೇಳ್ರಿ. ಮೊದಲ ದಿನವೇ ಕೊಟ್ರಮ್ಮ ಕೇಳಿದ್ಲು, ಕಂಡಕ್ಟ್ರು ಎಲ್ಲಿ ಡ್ರೈವರಣ್ಣ ಅಂತ. ಅಕ್ಕನ ಮನೆಯಾಗೆ ಜಮೀನಿನ ಕೆಲ್ಸ ಅಂದೆ. ಒಂದು ತಿಂಗಳು ದಿನಾ ಕೇಳಿದ್ಲು, ದಿನಾ ಸುಳ್ಳು ಹೇಳ್ದೆ. ಆಮೇಲೆ ಕೇಳೋದು ಬಿಟ್ಲು. ಅದು ಕೇಳೋದಕ್ಕಿಂತ ಕಷ್ಟ. ಅವಳಿಗೇನು ಅನ್ನಿಸಿರಬೇಕು? ಎಲ್ಲೋ ಮದುವೆ ಮಾಡ್ಕೊಂಡ, ಹೇಳಾಕೂ ಬರಲಿಲ್ಲ ಅಂತ ತಾನೇ? ಒಂದಿನ ಹಳೇ ರೂಢಿಗೆ ಮೂರನೇ ಮುದ್ದೆ ಕೈಯಾಗೆ ಹಿಡ್ಕೊಂಡು ನಮ್ಮ ಬೆಂಚಿನ ತಂಕ ಬಂದ್ಲು. ನನ್ನ ಪಕ್ಕ ಬದ್ಲಿ ಕಂಡಕ್ಟ್ರು ಕುಂತಿದ್ದ. ಆಯಮ್ಮ ಒಂದು ಗಳಿಗೆ ನಿಂತು, ಮುದ್ದೆನ ವಾಪಸ್ ಪಾತ್ರೆಗೆ ಹಾಕಿ ಮುಚ್ಚಿದ್ಲು. ಅವತ್ತು ನನಗೆ ಅನ್ನ ಸೇರಲಿಲ್ಲ. ಭಾಷೆ ಕೊಟ್ಟ ನನ್ನ ನಾಲಿಗೆಗೆ ಬೆಂಕಿ ಬೀಳ ಅಂತ ಬೈಕೊಂಡೆ.

ಶ್ರಾವಣದಾಗೆ ಮುರುಗಪ್ಪ ಕೆಲ್ಸಕ್ಕೆ ವಾಪಸ್ ಬಂದ. ತೊಂಬತ್ತೊಂದು ಕೇಜಿ. ಹೊಸದುರ್ಗದಾಗೆ ಅವನು ಹತ್ತಿದ್ದು ನನಗೆ ಗೊತ್ತೇ ಆಗಲಿಲ್ಲ, ಬಸ್ಸು ಬಗ್ಗಲಿಲ್ಲ ನೋಡ್ರಿ. ಐದು ನಿಮಿಷ ಕಾಯ್ತಾ ಕುಂತಿದ್ದೆ. ಎಮರ್ಜೆನ್ಸಿ ಕಾಲ, ಹೊತ್ತಿಗೆ ಸರಿಯಾಗಿ ಬಿಡದಿದ್ರೆ ಕೇಳೋರು ಇದ್ರು. ಹಿಂದಿಂದ ಸೀಟಿ ಕೂಗ್ತು, ತಿರುಗಿ ನೋಡಿದ್ರೆ ಕಟ್ಟಕಡೇ ಸೀಟಿನ ಹತ್ರ ನಿಂತವ್ನೆ. ಎರಡು ಸಾಲಿನ ನಡುವೆ ಆ ತುದಿಗೂ ಈ ತುದಿಗೂ ಸುಮ್ಸುಮ್ನೆ ಓಡಾಡ್ತಿದ್ದ. ಹಳೇ ಪ್ಯಾಸೆಂಜರು ಒಬ್ಬ, ಆ ದಪ್ಪ ಕಂಡಕ್ಟ್ರು ಬಿಟ್ಟು ಹೋದ್ನಾ ಅಂತ ಇವನನ್ನೇ ಕೇಳಿದ. ಹೋದ ಕಣಣ್ಣ ಅಂತ ಟಿಕೆಟ್ ಹರಿದು ಕೊಟ್ಟ.

ನನ್ನ ಸೀಟಿನ ಕೆಳಗೆ ಒಂದು ಬಟ್ಟೆ ಚೀಲ ಇಟ್ಟಿದ್ದ. ಅದರಾಗೆ ಮೊಳಕಾಲ್ಮೂರು ಸೀರೆ, ವೀರಕ್ಕನೇ ಆರಿಸಿ ತಂದಿದ್ದು. ಇವತ್ತು ಊಟ ಆದ ಮ್ಯಾಲೆ ಕೇಳ್ತೀನಿ ಅಂದ. ಮೊದ್ಲು ಆಪರೇಷನ್ ವಿಷ್ಯ ಹೇಳು, ಆಮೇಲೆ ಊಟಕ್ಕೆ ಕೂರು ಅಂತ ದುರ್ಗದಿಂದ ಹೊಳಲ್ಕೆರೆ ತಂಕ ಬಡ್ಕೊಂಡೆ. ಹೋದ ತಕ್ಷಣ ಹೊಟ್ಟೆ ಪುರಾಣ ಬಿಚ್ಚಾಕೆ ನಾಚಿಕೆ ಅಂದ. ಅಂಗಾದ್ರೆ ತಟ್ಟೆಗೆ ಬಿದ್ದ ಕೂಡ್ಲೇ ಸಾಕು ಅನ್ನು ಅಂದೆ. ಅವನು ಬಾಚಣಿಗೆ ತೆಗೆದು ಉಳಿದಿದ್ದ ಕೂದ್ಲು ಬಾಚ್ಕೊಂಡ.

ಬಾಗಿಲಾಗೆ ಇವನನ್ನ ನೋಡಿ ಆಯಮ್ಮಂಗೆ ಗುರ್ತು ಹತ್ತಲಿಲ್ಲ. ನನ್ನ ನೋಡಿ, ಮತ್ತೆ ಇವನ್ನ ನೋಡಿದ್ಲು. ಕೈ ನಿಂತುಹೋಯ್ತು. ಏನಾಗಿತ್ರಿ, ಇಷ್ಟು ಸೊರಗಿದೀರಿ ಅಂದ್ಲು. ಸ್ವಲ್ಪ ಜ್ವರ ಅಂದ, ಕಳ್ಳ. ಅರ್ಧ ಮೈ ಕಳ್ಕೊಂಡು ಬಂದೋನಿಗೆ ನಮ್ಮ ಕಡೆ ಹೆಣ್ಣುಮಕ್ಕಳು ಏನು ಮಾಡ್ತಾರೆ? ಉಣ್ಣಾಕೆ ಇಡ್ತಾರೆ. ಬೆಂಚು ಒರೆಸಿ ಕೂರಿಸಿ ತಟ್ಟೆ ತಂದ್ಲು. ಒಂದರ ಪಕ್ಕ ಒಂದು ಎರಡು ಮುದ್ದೆ ಒಟ್ಟಿಗೇ ಹಾಕಿ, ಸಾರು ಹುಯ್ದು, ತುಪ್ಪ ಬಿಟ್ಟು, ಎದುರಿಗೆ ನಿಂತ್ಲು.

ಸಾಕು ಅನ್ನೋ, ಸಾಕು ಅನ್ನೋ ಅಂತ ನಾನು ಬೆಂಚಿನ ಕೆಳಗೆ ಅವನ ಕಾಲು ತುಳೀತಿದ್ದೆ. ಅವನು ಆಯಮ್ಮನ ಮುಖ ನೋಡಿದ. ಮುದ್ದೆ ಮುರಿದ, ಸಾರಿಗೆ ಅದ್ದಿದ, ನುಂಗಿದ. ಅಗಿಯಬೇಕು ಅಂದಿದ್ದ ಹಾಳೆ ಜೋಬಿನಾಗೇ ಇತ್ತು. ಅನ್ನ ಅಗೀಬೇಕು, ಇಡ್ಲಿ ಅಗೀಬೇಕು, ಸರಿ. ಮುದ್ದೆ ಅಗಿಯೋ ಪದಾರ್ಥ ಅಂತ ಯಾವನಿಗೆ ತಾನೆ ಹೊಳೆದೀತು? ಹಲ್ಲು ತಾಗಿಸಿದ್ರೆ ನಗ್ತಾರೆ ನಮ್ಮ ಕಡೆ. ಹುಟ್ಟಿದಾಗಿಂದ ಗುಳುಂ ಅನ್ಸಿದ್ದೇ. ಎರಡನೇ ತುತ್ತು ಹೋಯ್ತು, ಮೂರನೇದು ಹೋಯ್ತು. ಆಯಮ್ಮ, ಈ ವರ್ಷ ಹಿರಿಯೂರು ಕಡೆ ಮಳೆ ಹೆಂಗೆ ಕಂಡಕ್ಟ್ರೇ ಅಂದ್ಲು. ಇವನು ಉತ್ತರ ಹೇಳಾಕೆ ಬಾಯಿ ತೆಗೆದ, ಮಾತು ಬರಲಿಲ್ಲ.

ಎದೆ ಹಿಡ್ಕೊಂಡ. ಬಾಯಾಗೆ ಎಂಜಲು ತುಂಬಿಕೊಂಡು ಬರ್ತೈತೆ, ನುಂಗಾಕಾಗಲ್ಲ, ವಾಂತಿ ಮಾಡ್ಕೊಳ್ಳಾಕೂ ಆಗಲ್ಲ. ಕಣ್ಣು ಮ್ಯಾಲೆ ಸಿಕ್ಕೊಂಡ್ವು. ಬೆಂಚಿಂದ ಜಾರಿ ನೆಲಕ್ಕೆ ಬಿದ್ದ. ನಾನು ಮತ್ತೆ ಇಬ್ರು ಹಮಾಲರು ಎತ್ತಿ ಬಸ್ಸಿಗೆ ಹಾಕಿದ್ವಿ. ಹೊಸದುರ್ಗಕ್ಕೆ ಹೊಂಟಿದ್ದ ಜನ ಅವರವರ ಸೀಟಿನಾಗೇ ಇದ್ರು. ಅಂಗೇ ಬಸ್ಸು ತಿರುಗಿಸಿ ದುರ್ಗಕ್ಕೆ ಹೊಡೆದೆ. ಒಬ್ಬ ಮಾತ್ರ ನನ್ನ ಕೆಲ್ಸ ಕೆಡ್ತು ಅಂತ ಗೊಣಗಿದ, ಅವನಿಗೆ ಅಂದಿದ್ದನ್ನ ಇಲ್ಲಿ ಹೇಳಾಕಾಗಲ್ಲ. ಕೊಟ್ರಮ್ಮ ಕೈಯಾಗೆ ಸೌಟು ಹಿಡ್ಕೊಂಡು ಬಾಗಿಲಾಗೆ ನಿಂತಿದ್ದು ಕನ್ನಡಿಯಾಗೆ ಕಾಣ್ತು.

ದುರ್ಗದಿಂದ ಕಾರಿನಾಗೆ ಬೆಂಗಳೂರಿಗೆ ಕಳಿಸಿದ್ರು, ನಾನೂ ಜೊತೆಗೆ ಹೋದೆ. ಅದೇ ಡಾಕ್ಟ್ರು ಗಂಟಲಾಗೆ ನಳಿಕೆ ಇಳಿಸಿ ಎಳೆದು ತೆಗೆದ್ರು. ಮುದ್ದೆ ತುತ್ತು ಕಿರುಬೆರಳಿನ ದಾರಿಗೆ ಬೆಣೆ ಹೊಡೆದಂಗೆ ಕುಂತಿತ್ತಂತೆ. ಇವನಿಗೆ ಎಚ್ಚರಾದ ಮ್ಯಾಲೆ ಡಾಕ್ಟ್ರಿಗೆ ಬಂದಿದ್ದ ಸಿಟ್ಟು ನೋಡಬೇಕಿತ್ತು. ಅಗಿಯಿರಿ ಅಂತ ಎಷ್ಟು ಸಲ ಹೇಳಿದ್ದೆ ಅಂದ್ರು.

"ಮುದ್ದೆ ಅಗಿಯಾದಲ್ಲ ಸಾರ್, ನುಂಗಾದು" ಅಂದ ಮುರುಗಪ್ಪ, ಇದ್ದಬದ್ದ ದನಿಯಾಗೆ.

ಡಾಕ್ಟ್ರು ಪಕ್ಕದಾಗಿದ್ದ ನರ್ಸಮ್ಮನ ಮುಖ ನೋಡಿದ್ರು. ಆ ಹುಡುಗಿ ಬಬ್ಬೂರು ಕಡೆಯೋಳು. ಹೌದು ಸಾರ್, ನಮ್ಮ ಕಡೆ ಯಾರೂ ಅಗಿಯಲ್ಲ ಅಂದ್ಲು. ಡಾಕ್ಟ್ರು ಅವನ ಜೋಬಿನ ಹಾಳೆ ಇಸ್ಕೊಂಡು ಕೆಳಗೆ ಪೆನ್ನಿನಾಗೆ ರಾಗಿ ಮುದ್ದೆ ಯಾವತ್ತೂ ಬೇಡ ಅಂತ ಬರೆದ್ರು. ತಪ್ಪು ನನ್ನದು, ನಾನು ಕೇಳಬೇಕಿತ್ತು ಅಂದ್ರು. ಅಷ್ಟು ದೊಡ್ಡ ಮನುಷ್ಯ ಅಂಗಂದಿದ್ದು ನನಗೆ ಇವತ್ತಿಗೂ ದೊಡ್ಡದು. ಮುರುಗಪ್ಪ ಮಾತ್ರ ಆ ಸಾಲನ್ನ ಓದ್ತಾನೇ ಇದ್ದ. ಯಾವತ್ತೂ ಅಂದ್ರೆ ಯಾವತ್ತೂನಾ ತಿಮ್ಮಣ್ಣ ಅಂತ ನನ್ನ ಕೇಳಿದ.

ನಾನು ವಾಪಸ್ ಬಂದೋನೇ ಖಾನಾವಳಿಗೆ ಹೋದೆ. ಭಾಷೆ ಗೀಷೆ ಎಲ್ಲಾ ಒಲೆಗೆ ಹಾಕ್ದೆ. ನೂರಾ ನಲವತ್ತಾರು ಕೇಜಿ, ನಾಕು ವರ್ಷ ಅಂದಿದ್ದು, ಹೊಟ್ಟೆ ಕುಯ್ಸಿದ್ದು, ಯಾರಿಗೋಸ್ಕರ ಕುಯ್ಸಿದ್ದು, ಸೀರೆ ತಂದಿದ್ದು, ಎಲ್ಲಾ ಹೇಳ್ದೆ. ಆಯಮ್ಮ ನಿಂತೇ ಕೇಳಿದ್ಲು. ಒಲೆಯಾಗಿನ ಸೌದೆ ಈಚೆಗೆ ಎಳೆದು ನೀರು ಹಾಕಿದ್ಲು. ಅವತ್ತಿಂದ ಮೂರು ದಿನ ಖಾನಾವಳಿ ತೆಗೆಯಲಿಲ್ಲ. ಆಮೇಲೆ ತೆಗೆದ್ರೂ ಯಾರಿಗೂ ಇನ್ನೊಂದು ಹಾಕ್ಲಾ ಅಂತ ಕೇಳ್ತಿರಲಿಲ್ಲ. ಕೇಳಿದೋರಿಗೆ ಮಾತ್ರ ಹಾಕೋಳು. ಸೀರೆ ವಿಷ್ಯ ನಾನು ಎತ್ತಿದ್ರೆ, ಅದನ್ನ ಅವರಿಗೇ ವಾಪಸ್ ಕೊಡ್ರಿ, ಆ ಜೀವಕ್ಕೆ ನನ್ನ ಕೈ ಆಗಿಬರಲ್ಲ ಅಂದ್ಲು.

ನಾನು ಈ ಮಾತನ್ನ ಮುರುಗಪ್ಪಂಗೆ ಮುಟ್ಟಿಸ್ದೆ. ಇನ್ನೇನು ಮುಚ್ಚಿಡೋದು ಉಳಿದಿತ್ತು? ಅವನು ಕೇಳಿ ತಲೆ ಅಲ್ಲಾಡಿಸಿದ. ಇಪ್ಪತ್ತು ದಿನ ಬಿಟ್ಟು ಮತ್ತೆ ಬಸ್ಸು ಹತ್ತಿದೋನು ಹೊಳಲ್ಕೆರೆಯಾಗೆ ಸೀದಾ ಖಾನಾವಳಿ ಕಡೆ ನಡೆದ. ಹೋಗಬ್ಯಾಡ ಕಣೋ ಅಂದ್ರೂ ಕೇಳಲಿಲ್ಲ. ನಾನೂ ಹಿಂದೆ ಹೋದೆ. ಎರಡೂವರೆ ಆಗಿತ್ತು, ಊಟಕ್ಕೆ ಬಂದಿದ್ದ ಇನ್ನಿಬ್ರು ಮುಗಿಸಿ ಕೈ ತೊಳೀತಿದ್ರು. ಅವನು ತನ್ನ ಜಾಗದಾಗೆ ಕುಂತ. ಆಯಮ್ಮ ತಟ್ಟೆ ತರಲಿಲ್ಲ. ಬರಿಗೈಯಾಗೆ ಬಂದು ಎದುರಿಗೆ ನಿಂತ್ಲು.

"ಹನ್ನೊಂದು ವರ್ಷ ನಾನು ಕೈಯಾರೆ ಹಾಕಿದ್ದೆಲ್ಲಾ ನಿಮಗೆ ಕಾಯ್ಲೆ ಆಯ್ತು. ಕೊನೇದು ಜೀವಾನೇ ತೆಗೀತಿತ್ತು. ಒಂದಿನನಾದ್ರೂ ಯಾಕ್ರಿ ಸಾಕು ಅನ್ನಲಿಲ್ಲ?"

ಮುರುಗಪ್ಪ ಬೆಂಚಿನ ಮ್ಯಾಲೆ ಕೈ ಇಟ್ಕೊಂಡು ಕುಂತಿದ್ದ. ಅವನು ಹೇಳಲ್ಲ ಅಂದ್ಕೊಂಡೆ. ಹೇಳಿದ.

"ಸಾಕು ಅಂದ್ರೆ ನೀವು ಮುಂದಿನ ತಟ್ಟೆಗೆ ಹೋಗ್ತಿದ್ರಿ, ಕೊಟ್ರಮ್ಮಾರೆ. ಎರಡಕ್ಕೇ ನಂಗೆ ಹೊಟ್ಟೆ ತುಂಬ್ತಿತ್ತು. ಮೂರನೇದು ಹಾಕಿದ್ರೆ ಇನ್ನೊಂದು ಗಳಿಗೆ ಇಲ್ಲೇ ನಿಲ್ತಿದ್ರಿ."

ಕೈ ತೊಳೀತಿದ್ದೋರು ನೀರು ನಿಲ್ಸಿ ಈ ಕಡೆ ನೋಡಿದ್ರು. ಆಯಮ್ಮ ಅವನ ಮುಖಾನೇ ನೋಡ್ತಿದ್ಲು. ಅಷ್ಟಕ್ಕಾ ಅಂದ್ಲು. ಅಷ್ಟಕ್ಕೇ ಅಂದ ಅವನು. ಆಮೇಲೆ ಆಯಮ್ಮಂಗೆ ಬಂದ ಅಳು ದುಃಖದ್ದಲ್ಲ, ಸಿಟ್ಟಿಂದು. ಸೆರಗಿನಾಗೆ ಮುಖ ಒರೆಸಿಕೊಂಡ್ರೂ ತಡೀತಿರಲಿಲ್ಲ.

"ಕುಂತ್ಕಳ್ರಿ ಅಂತ ಒಂದು ಮಾತು ಅಂದಿದ್ರೆ ಕುಂತ್ಕತಿದ್ನಲ್ರಿ."

ಹನ್ನೊಂದು ವರ್ಷ ಪಕ್ಕದಾಗೇ ಕುಂತು ಉಂಡು ಎದ್ದು ಹೋಗ್ತಿದ್ದೆ, ಆ ಒಂದು ಮಾತು ನಾನಾದ್ರೂ ಅನ್ನಬಹುದಿತ್ತಲ್ಲ. ಆಚೆ ಬಸ್ಸಿನಾಗೆ ಯಾರೋ ಹಾರನ್ ಒತ್ತುತಿದ್ರು, ಹೊತ್ತು ಮೀರಿತ್ತು.

ಮುರುಗಪ್ಪ ಬೆಂಚಿನ ಮ್ಯಾಲೆ ಆ ತುದಿಗೆ ಸರಿದ. "ಕುಂತ್ಕಳ್ರಿ" ಅಂದ. ಆಯಮ್ಮ ಕುಂತ್ಲು.